ಅವರೆಕಾಳಿನ ವಿಜ್ಞಾನಿ ಡಾ. ಕಮಲಾ ಸೊಹೋನಿ



2023ರ ಜೂನ್ 18ರಂದು ಗೂಗಲ್ ತೆರೆದ ನಿಮ್ಮಲ್ಲಿ ಅನೇಕರು ಒಬ್ಬ ಮಹಿಳಾ ವಿಜ್ಞಾನಿಯ ಚಿತ್ರವನ್ನು ನೋಡಿರಬಹುದು. ಡಾ. ಕಮಲಾ ಸೊಹೋನಿಯವರ 112ನೆಯ ಜನ್ಮದಿನದ ಸ್ಮರಣೆಗಾಗಿ ಅದನ್ನು ಅಲ್ಲಿ ಹಾಕಿದ್ದರು. ಮರುದಿನ ಚಿತ್ರ ಹೋಯಿತು, ಹೆಸರೂ ಮರೆತುಹೋಯಿತು. ಕೆಲವರಿಗೆ ಮಾತ್ರ, ‘ಹೆಣ್ಣೆಂಬ ಕಾರಣಕ್ಕೆ ಸರ್ ಸಿ.ವಿ. ರಾಮನ್ ಅವರು ಸೀಟು ಕೊಡಲು ಒಪ್ಪದಿದ್ದಾಗ ಹಠ ಹಿಡಿದು ಸೇರಿಕೊಂಡವರು’ ಎಂಬಷ್ಟು ನೆನಪಿರಬಹುದು. ಹಾಗೆ ಸೇರಿಕೊಂಡ ಮೇಲೆ ಅವರು ಮಾಡಿದ ಕೆಲಸವೇನು ಎಂದು ಕೇಳಿ ನೋಡಿ. ಹೆಚ್ಚಿನವರು ಸುಮ್ಮನಾಗುತ್ತಾರೆ.

ನನಗೆ ಇದು ಸರಿಯೆನಿಸುವುದಿಲ್ಲ. ಒಬ್ಬ ವಿಜ್ಞಾನಿಯನ್ನು ಬಾಗಿಲಲ್ಲಿ ತಡೆದದ್ದಷ್ಟೇ ನೆನಪಿಟ್ಟುಕೊಂಡು, ಒಳಗೆ ಹೋಗಿ ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿದ ಕೆಲಸವನ್ನು ಮರೆತರೆ ಅವರನ್ನು ಇನ್ನೂ ಬಾಗಿಲಲ್ಲೇ ನಿಲ್ಲಿಸಿದಂತಾಯಿತಲ್ಲವೇ? ಆದ್ದರಿಂದ ಈ ಲೇಖನದಲ್ಲಿ ಎರಡನ್ನೂ ಹೇಳುತ್ತೇನೆ. ಕೆಲಸದ ಮಾತು ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ.

ನಾನು ವಿಜ್ಞಾನ ಓದಿದವಳಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಮುಂಬಯಿಗೆ ಬಂದು, ಆಂಟಾಪ್ ಹಿಲ್‌ನಲ್ಲಿ ಸಂಸಾರ ನಡೆಸುತ್ತಿರುವ ಗೃಹಿಣಿ. ಆದರೂ ಈ ವಿಜ್ಞಾನಿಯ ಬಗ್ಗೆ ಬರೆಯಲು ನನಗೆ ಒಂದಿಷ್ಟು ಅಧಿಕಾರವಿದೆ ಎಂದುಕೊಂಡಿದ್ದೇನೆ. ಏಕೆಂದರೆ ಅವರು ಪ್ರಯೋಗಾಲಯದಲ್ಲಿ ಇಟ್ಟುಕೊಂಡಿದ್ದ ಸಾಮಾನುಗಳೆಲ್ಲ ನನ್ನ ಅಡುಗೆಮನೆಯಲ್ಲೂ ಇವೆ. ಬೇಳೆ, ಕಾಳು, ಹಾಲು, ಆಲೂಗಡ್ಡೆ, ಬೆಲ್ಲ!

ಕಮಲಾಬಾಯಿ ಕನ್ನಡಿಗರಲ್ಲ, ಮರಾಠಿ ಮನೆತನದವರು. ಆದರೆ ಅವರು ಸಂಶೋಧನೆಯ ಪಾಠ ಕಲಿತದ್ದು ಬೆಂಗಳೂರಿನಲ್ಲಿ, ಅದನ್ನು ಬೆಳೆಸಿದ್ದು ಮುಂಬಯಿಯಲ್ಲಿ. ಊರು ಬೆಂಗಳೂರಿನ ಕಡೆ, ಮನೆ ಮುಂಬಯಿಯಲ್ಲಿ ಎಂದು ಬದುಕುತ್ತಿರುವ ನಮಗೆ ಅವರು ಹೇಗೆ ಹೊರಗಿನವರಾದಾರು?

ಬೆಂಗಳೂರಿನ ಬಾಗಿಲು

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೂರಿನಲ್ಲಿ. ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ‘ಟಾಟಾ ಇನ್‌ಸ್ಟಿಟ್ಯೂಟ್’ನಲ್ಲಿ, ಎಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಓದಿದವರು. ಅಕ್ಕ ದುರ್ಗಾ ಭಾಗವತ್ ಮರಾಠಿಯ ಹೆಸರಾಂತ ಲೇಖಕಿ. 1975ರಲ್ಲಿ ಕರಾಡಿನ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದ ಧೀರೆ. ಈ ಅಕ್ಕತಂಗಿಯರಿಬ್ಬರಿಗೂ ಅನ್ಯಾಯವೆಂದು ಕಂಡದ್ದನ್ನು ನುಂಗಿಕೊಳ್ಳುವ ಅಭ್ಯಾಸವಿರಲಿಲ್ಲ.

1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಅಪ್ಪ, ಚಿಕ್ಕಪ್ಪ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಅರ್ಜಿ ಹಾಕಿದರು. ಆಗ ಅಲ್ಲಿನ ನಿರ್ದೇಶಕರು ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದು ಇಡೀ ದೇಶದ ಹೆಮ್ಮೆಯಾಗಿದ್ದವರು. ಹೆಣ್ಣುಮಕ್ಕಳು ಸಂಶೋಧನೆಗೆ ತಕ್ಕವರಲ್ಲವೆಂದು ಅವರು ಅರ್ಜಿಯನ್ನು ತಳ್ಳಿಹಾಕಿದರು. ಕಮಲಾ ಮನೆಗೆ ಹಿಂತಿರುಗಲಿಲ್ಲ. ಕಾರಣ ಕೇಳಿದರು. ರಾಮನ್ ಅವರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರು. ಗಾಂಧೀಜಿಯವರ ಕಾಲವಲ್ಲವೇ, ಆ ಆಯುಧ ಎಲ್ಲರಿಗೂ ಗೊತ್ತಿತ್ತು!

ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಂದಿಗೆ. ಅವರು ಕಾಯಂ ವಿದ್ಯಾರ್ಥಿನಿಯಲ್ಲ. ಮೊದಲ ವರ್ಷವಿಡೀ ಪರೀಕ್ಷೆಯ ಅವಧಿ. ನಿರ್ದೇಶಕರಿಗೆ ತೃಪ್ತಿಯಾಗುವವರೆಗೆ ಅವರ ಕೆಲಸಕ್ಕೆ ಅಧಿಕೃತ ಮಾನ್ಯತೆ ಇಲ್ಲ. ಜೊತೆಗೆ, ಅವರಿಂದ ಅಲ್ಲಿನ ಪುರುಷ ಸಂಶೋಧಕರ ಗಮನ ಕೆಡಬಾರದು! ಈ ಕೊನೆಯ ಷರತ್ತನ್ನು ಓದುವಾಗ ನಗಬೇಕೋ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಗಮನ ಕೆಡಿಸಿಕೊಳ್ಳುವವರು ಬೇರೆ ಯಾರೋ, ಎಚ್ಚರಿಕೆ ಮಾತ್ರ ಹುಡುಗಿಗೆ.

ಈ ಪ್ರಸಂಗವನ್ನು ಹೇಳುವಾಗ ನಮ್ಮ ಹಿರಿಯರು ‘ಅಂದಿನ ಕಾಲವೇ ಹಾಗಿತ್ತು’ ಎಂದು ಮುಗಿಸಿಬಿಡುವುದುಂಟು. ಕಮಲಾಬಾಯಿ ಹಾಗೆ ಮುಗಿಸಲಿಲ್ಲ. 1997ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸಮಾರಂಭದಲ್ಲಿ, ತಮ್ಮ ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ರಾಮನ್ ಮಹಾ ವಿಜ್ಞಾನಿ, ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಸಂಕುಚಿತ ಮನಸ್ಸಿನವರು, ತಮಗಾದ ಆ ಅವಮಾನವನ್ನು ಮರೆಯಲಾರೆ ಎಂಬರ್ಥದಲ್ಲಿ ಮಾತಾಡಿದರು. ನೀವೂ ಇದನ್ನು ಗಮನಿಸಿ. ಒಬ್ಬರ ದೊಡ್ಡತನವನ್ನು ಒಪ್ಪುತ್ತಲೇ ಅವರು ಮಾಡಿದ ತಪ್ಪನ್ನು ತಪ್ಪೆಂದು ಹೇಳಬಹುದು. ಎರಡೂ ಮಾತು ಒಂದೇ ಬಾಯಲ್ಲಿ ಬರಬಹುದು.

ನನಗಂತೂ ಇದು ಪುರಾಣದ ಕಥೆಯೆನಿಸುವುದಿಲ್ಲ. ಪಿ.ಯು.ಸಿ.ಗೆ ಸೇರುವಾಗ ನಾನು ವಿಜ್ಞಾನ ತೆಗೆದುಕೊಳ್ಳುತ್ತೇನೆ ಎಂದದ್ದುಂಟು. ‘ಲ್ಯಾಬು ಮುಗಿಯುವಾಗ ಕತ್ತಲಾಗುತ್ತದೆ, ಹುಡುಗಿಗೆ ಅದೆಲ್ಲ ಯಾಕೆ?’ ಎಂದರು ಮನೆಯ ಹಿರಿಯರು. ಮಾತು ಅಲ್ಲಿಗೇ ಮುಗಿಯಿತು. ಸಾಹಿತ್ಯ ನನಗೆ ಬಹಳಷ್ಟನ್ನು ಕೊಟ್ಟಿದೆ, ಆ ಬಗ್ಗೆ ಕೊರಗಿಲ್ಲ. ಆದರೆ ಕಾರಣ ಕೇಳಬಹುದು ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ಅದಕ್ಕಿಂತ ಐವತ್ತು ವರ್ಷ ಮೊದಲೇ ಒಬ್ಬ ಹುಡುಗಿ ನೊಬೆಲ್ ವಿಜ್ಞಾನಿಯನ್ನು ಕಾರಣ ಕೇಳಿದ್ದಳು ಎಂದು ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಬೆಂಗಳೂರಿನಲ್ಲಿ ಕಮಲಾ ಅವರಿಗೆ ಸಿಕ್ಕ ಗುರುಗಳು ಶ್ರೀನಿವಾಸಯ್ಯನವರು. ಬಹಳ ಕಟ್ಟುನಿಟ್ಟಿನವರು, ಅಷ್ಟೇ ಅಕ್ಕರೆಯಿಂದ ಕಲಿಸಿದವರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. 1936ರಲ್ಲಿ ಎಂ.ಎಸ್ಸಿ. ಪದವಿ ಬಂತು. ರಾಮನ್ ಅವರಿಗೂ ತೃಪ್ತಿಯಾಯಿತು. ಮುಂದೆ ಆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಅವಕಾಶ ಹೆಚ್ಚಿತು. 1940ರಲ್ಲಿ ಅನ್ನಾ ಮಣಿಯವರು ರಾಮನ್ ಅವರ ಬಳಿಯೇ ಸಂಶೋಧನೆಗೆ ಸೇರಿದರು. ಕೆಲವು ವರ್ಷಗಳಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರೂ ಅಲ್ಲಿ ಸೇರಿ, ಮುಂದೆ ಮೈಕ್ರೋವೇವ್ ಎಂಜಿನಿಯರಿಂಗ್‌ನಲ್ಲಿ ಹೆಸರು ಮಾಡಿದರು.

ಕೇಂಬ್ರಿಜ್‌ನಲ್ಲಿ ಆಲೂಗಡ್ಡೆ

1937ರಲ್ಲಿ ವಿದ್ಯಾರ್ಥಿವೇತನ ಪಡೆದು ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಜೀವಸತ್ವಗಳ ಸಂಶೋಧನೆಗಾಗಿ ನೊಬೆಲ್ ಪಡೆದಿದ್ದ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಜಾಗ ಸಿಕ್ಕಿತು. ಮೊದಲು ಡೆರೆಕ್ ರಿಕ್ಟರ್, ಅನಂತರ ರಾಬಿನ್ ಹಿಲ್ ಅವರೊಂದಿಗೆ ಕೆಲಸ ಮಾಡಿದರು. ಹಿಲ್ ಅವರದು ಸಸ್ಯಗಳ ಅಧ್ಯಯನ. ಅಲ್ಲಿ ಕಮಲಾ ಕೈಗೆತ್ತಿಕೊಂಡದ್ದು ಆಲೂಗಡ್ಡೆ.

ನಾವು ತಿಂದ ಅನ್ನ ಶಕ್ತಿಯಾಗುವುದು ಜೀವಕೋಶಗಳಲ್ಲಿ. ಅಲ್ಲಿ ಆಹಾರವು ಆಮ್ಲಜನಕದೊಂದಿಗೆ ಬಹಳ ನಿಧಾನವಾಗಿ, ಬೆಂಕಿಯಿಲ್ಲದೆ ಉರಿಯುತ್ತದೆ. ಈ ಕೆಲಸದಲ್ಲಿ ಒಂದು ಕೈಯಿಂದ ಇನ್ನೊಂದು ಕೈಗೆ ಎಲೆಕ್ಟ್ರಾನುಗಳನ್ನು ದಾಟಿಸುವ ಪ್ರೋಟೀನುಗಳ ಸಾಲೊಂದಿದೆ. ಅದರಲ್ಲೊಂದು ‘ಸೈಟೋಕ್ರೋಮ್ ಸಿ’. ಇದು ಸಸ್ಯಗಳ ಜೀವಕೋಶಗಳಲ್ಲೂ ಇದೆ ಎಂದು ಕಮಲಾ ಆಲೂಗಡ್ಡೆಯ ಮೂಲಕ ತೋರಿಸಿದರು. ಉಸಿರಾಟದ ವಿಷಯದಲ್ಲಿ ನಾವೂ ಗಿಡಮರಗಳೂ ಎಷ್ಟು ಹತ್ತಿರದ ನೆಂಟರು ನೋಡಿ! 1939ರಲ್ಲಿ ಅವರಿಗೆ ಪಿಎಚ್.ಡಿ. ಬಂತು. ಪ್ರಬಂಧ ಸುಮಾರು 40 ಪುಟ ಮಾತ್ರ. ಪ್ರಾಜೆಕ್ಟ್ ದಪ್ಪವಾದಷ್ಟೂ ಅಂಕ ಹೆಚ್ಚು ಎಂದುಕೊಂಡಿರುವವರು ಇದನ್ನು ಗಮನಿಸಬೇಕು.

ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಇವರೇ ಎಂದು ಹಲವು ಕಡೆ ಬರೆಯುತ್ತಾರೆ. ಆದರೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರು 1931ರಲ್ಲೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು. ಕಮಲಾಬಾಯಿಯವರನ್ನು ಮೆಚ್ಚಲು ಜಾನಕಿ ಅಮ್ಮಾಳ್ ಅವರನ್ನು ಮರೆಯಬೇಕಾಗಿಲ್ಲ. ಮೊದಲನೆಯವರೋ ಎರಡನೆಯವರೋ ಎಂಬ ಲೆಕ್ಕಕ್ಕಿಂತ, ಮಾಡಿದ ಕೆಲಸ ದೊಡ್ಡದು.

1939ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಮೊದಲು ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನಲ್ಲಿ, ಬಳಿಕ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ದುಡಿದರು. 1947ರಲ್ಲಿ ಎಂ.ವಿ. ಸೊಹೋನಿಯವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಜೀವರಸಾಯನ ವಿಭಾಗಕ್ಕೆ ಪ್ರಾಧ್ಯಾಪಕಿಯಾಗಿ ಆಯ್ಕೆಯಾದರು. ಮದುವೆಯಾದರೆ ಓದು ಮುಗಿಯಿತು ಎನ್ನುವವರ ನಡುವೆ, ಅವರ ಅತಿ ಮುಖ್ಯ ಕೆಲಸ ಶುರುವಾದದ್ದು ಮದುವೆಯಾದ ಮೇಲೆ!

ಹೂವಿನ ದಂಡೆ ಮತ್ತು ಕತ್ತರಿ

ಇನ್ನು ಅವರ ಕೆಲಸಕ್ಕೆ ಬರೋಣ. ವಿಜ್ಞಾನ ಓದಿದ ಮಕ್ಕಳು ಸ್ವಲ್ಪ ತಾಳ್ಮೆಯಿಂದ ಇರಬೇಕು, ನಾನು ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ.

ಮಾಟುಂಗಾದ ಹೂವಿನ ಅಂಗಡಿಗಳಲ್ಲಿ ಹೂ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಇಪ್ಪತ್ತು ಬಗೆಯ ಹೂಗಳನ್ನು ಇಟ್ಟುಕೊಂಡು, ಯಾವುದೋ ಒಂದು ಕ್ರಮದಲ್ಲಿ ಉದ್ದನೆಯ ದಂಡೆ ಕಟ್ಟುತ್ತಾರೆಂದು ಭಾವಿಸಿ. ಪ್ರೋಟೀನು ಎಂದರೆ ಅಂಥದೊಂದು ದಂಡೆ. ಹೂಗಳ ಬದಲು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿರುತ್ತವೆ. ಆದರೆ ಈ ದಂಡೆ ಉದ್ದಕ್ಕೆ ನೇತಾಡುವುದಿಲ್ಲ. ತನಗೆ ತಾನೇ ಸುತ್ತಿಕೊಂಡು, ಮಡಿಚಿಕೊಂಡು, ಒಂದು ನಿರ್ದಿಷ್ಟ ಆಕಾರಕ್ಕೆ ಬಂದು ನಿಲ್ಲುತ್ತದೆ. ಆ ಆಕಾರವನ್ನೇ ಪ್ರೋಟೀನಿನ ರಚನೆ ಎನ್ನುವುದು. ಆಕಾರ ಸರಿಯಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮೊಟ್ಟೆಯನ್ನು ಬೇಯಿಸಿದಾಗ ನೀರಾಗಿದ್ದ ಬಿಳಿ ಭಾಗ ಗಟ್ಟಿಯಾಗುತ್ತದಲ್ಲ, ಅದು ಶಾಖಕ್ಕೆ ಆ ಸುತ್ತು ಬಿಚ್ಚಿಕೊಂಡು ಒಂದಕ್ಕೊಂದು ಸಿಕ್ಕು ಹಾಕಿಕೊಂಡದ್ದರ ಫಲ.

ಕೆಲವು ಪ್ರೋಟೀನುಗಳು ಕೆಲಸಗಾರರು. ಅವನ್ನು ಕಿಣ್ವಗಳು ಎನ್ನುತ್ತೇವೆ. ನಮ್ಮ ಮೇದೋಜೀರಕ ಗ್ರಂಥಿಯಿಂದ ಬಂದು ಸಣ್ಣ ಕರುಳಿನಲ್ಲಿ ಕೆಲಸ ಮಾಡುವ ‘ಟ್ರಿಪ್ಸಿನ್’ ಅಂಥದೊಂದು ಕಿಣ್ವ. ಅದರ ಕೆಲಸ ಕತ್ತರಿಯದು. ನಾವು ತಿಂದ ಬೇಳೆಯ ಪ್ರೋಟೀನನ್ನು ಅದು ತುಂಡು ತುಂಡು ಮಾಡುತ್ತದೆ. ಎಲ್ಲೆಂದರಲ್ಲಿ ಅಲ್ಲ, ಲೈಸಿನ್ ಮತ್ತು ಆರ್ಜಿನಿನ್ ಎಂಬ ಎರಡು ಬಗೆಯ ‘ಹೂ’ ಬಂದ ಕಡೆ ಮಾತ್ರ. ಹೀಗೆ ತುಂಡಾದರೆ ತಾನೇ ಅದು ಮೈಗೆ ಹತ್ತುವುದು!

ಈಗ ಆ ಕತ್ತರಿಯ ಬಾಯಿಗೆ ಒಂದು ಗಟ್ಟಿ ಗಂಟು ಸಿಕ್ಕಿಕೊಂಡರೆ? ಕತ್ತರಿಸಲೂ ಆಗದು, ಬಿಡಿಸಿಕೊಳ್ಳಲೂ ಆಗದು. ಅಂಥ ಗಂಟಿಗೆ ಕಿಣ್ವ ಪ್ರತಿಬಂಧಕ ಎಂದು ಹೆಸರು. ಟ್ರಿಪ್ಸಿನ್‌ಗೆ ಇಷ್ಟವಾದ ಲೈಸಿನ್ ಅಥವಾ ಆರ್ಜಿನಿನ್‌ ಅನ್ನೇ ಮುಂದೆ ಚಾಚಿ, ಅದನ್ನು ಕರೆದು, ಹಿಡಿದಿಟ್ಟುಕೊಳ್ಳುವ ಚಾಣಾಕ್ಷ ಪ್ರೋಟೀನುಗಳಿವು. ಇಂಥವು ಹೇರಳವಾಗಿರುವುದು ಹಸಿ ಕಾಳುಗಳಲ್ಲಿ.

ಗಿಡ ತನ್ನ ಬೀಜದಲ್ಲಿ ಇದನ್ನೇಕೆ ಇಟ್ಟುಕೊಳ್ಳುತ್ತದೆ? ತನ್ನ ರಕ್ಷಣೆಗೆ. ಬೀಜ ತಿನ್ನಲು ಬಂದ ಹುಳುವಿಗೆ ಅದು ಜೀರ್ಣವಾಗಬಾರದು. ಎಲೆಗೆ ಗಾಯವಾದರೆ ಟೊಮೆಟೊ ಮತ್ತು ಆಲೂಗಡ್ಡೆಯ ಗಿಡಗಳು ಇಂಥ ಪ್ರತಿಬಂಧಕಗಳನ್ನು ಹೊಸದಾಗಿ ತಯಾರಿಸಿಕೊಳ್ಳುತ್ತವೆಂದು 1972ರಲ್ಲಿ ಅಮೆರಿಕದ ಗ್ರೀನ್ ಮತ್ತು ರಯಾನ್ ಎಂಬ ವಿಜ್ಞಾನಿಗಳು ತೋರಿಸಿದರು. ಬಾಯಿಲ್ಲದ ಗಿಡಕ್ಕೂ ತನ್ನದೇ ಆದ ಸತ್ಯಾಗ್ರಹವಿದೆ ಎನ್ನೋಣವೇ?

ಬಡವರ ತಟ್ಟೆಯ ಪ್ರಶ್ನೆ

ಸ್ವಾತಂತ್ರ್ಯ ಬಂದ ಹೊಸತು. ದೇಶದಲ್ಲಿ ಅನ್ನಕ್ಕೇ ಕೊರತೆ. ಹಾಲು, ಮೊಟ್ಟೆ, ಮಾಂಸ ಕೊಳ್ಳಲಾರದ ಕೋಟ್ಯಂತರ ಜನರಿಗೆ ಬೇಳೆಕಾಳುಗಳೇ ಪ್ರೋಟೀನಿನ ಮುಖ್ಯ ಮೂಲಗಳಲ್ಲೊಂದು. ಆ ಬೇಳೆಯಲ್ಲೇ ಜೀರ್ಣಕ್ಕೆ ತಡೆಯೊಡ್ಡುವ ವಸ್ತುವಿದ್ದರೆ, ತಿಂದ ಪ್ರೋಟೀನಿನಲ್ಲಿ ಮೈಗೆ ಸೇರುವುದೆಷ್ಟು? ಯಾವ ಕಾಳಿನಲ್ಲಿ ಈ ತಡೆ ಹೆಚ್ಚು, ಯಾವುದರಲ್ಲಿ ಕಡಿಮೆ? ಅದನ್ನು ಹೋಗಲಾಡಿಸುವುದು ಹೇಗೆ? ಕಮಲಾಬಾಯಿ ಮತ್ತು ಅವರ ವಿದ್ಯಾರ್ಥಿಗಳು ಎತ್ತಿಕೊಂಡದ್ದು ಇಂಥ ಪ್ರಶ್ನೆಗಳನ್ನು. ಕೇಂಬ್ರಿಜ್‌ನಿಂದ ಬಂದವರು ವಿದೇಶದಲ್ಲಿ ಹೆಸರು ತರುವಂಥ ಬೇರೆ ವಿಷಯ ಹುಡುಕಬಹುದಿತ್ತು. ಅವರು ಕಣ್ಣಿಟ್ಟದ್ದು ಬಡವರ ತಟ್ಟೆಯ ಮೇಲೆ.

ಸೋಯಾ ಅವರೆಯನ್ನು ಬೇಯಿಸದೆ ತಿನ್ನಿಸಿದರೆ ಇಲಿಗಳು ಸರಿಯಾಗಿ ಬೆಳೆಯುವುದಿಲ್ಲ ಎಂದು 1917ರಲ್ಲೇ ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ಕಂಡುಕೊಂಡಿದ್ದರು. 1940ರ ದಶಕದಲ್ಲಿ ಕುನಿಟ್ಜ್ ಎಂಬವರು ಸೋಯಾದಿಂದ ಟ್ರಿಪ್ಸಿನ್ ಪ್ರತಿಬಂಧಕವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಆದರೆ ಅಂದಿನ ಭಾರತದಲ್ಲಿ ಸೋಯಾ ತಿನ್ನುವವರು ಯಾರು? ನಮ್ಮ ಕಾಳುಗಳನ್ನು ನಾವೇ ನೋಡಿಕೊಳ್ಳಬೇಕಿತ್ತು.

1955ರಲ್ಲಿ ಕಮಲಾ ಸೊಹೋನಿ ಮತ್ತು ಕೆ.ಎಸ್. ಅಂಬೆ ಅವರು ಜಗತ್ಪ್ರಸಿದ್ಧ ‘ನೇಚರ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಎರಡು ಕಾಳುಗಳಿಂದ ಟ್ರಿಪ್ಸಿನ್ ಪ್ರತಿಬಂಧಕವನ್ನು ಹರಳಾಗಿ ಬೇರ್ಪಡಿಸಿದ ಸುದ್ದಿ ಅದು. ಒಂದು ಡಬಲ್ ಬೀನ್ಸ್. ಇನ್ನೊಂದಕ್ಕೆ ಇಂಗ್ಲಿಷಿನಲ್ಲಿ ‘ಇಂಡಿಯನ್ ಫೀಲ್ಡ್ ಬೀನ್’ ಎಂದು ದೊಡ್ಡ ಹೆಸರು. ಯಾವುದು ಗೊತ್ತೇ? ಡಿಸೆಂಬರ್ ಬಂತೆಂದರೆ ಊರಿಂದ ಬರುವವರ ಚೀಲದಲ್ಲಿ ನಿಮ್ಮ ಅಪ್ಪ ಅಮ್ಮ ಹುಡುಕುತ್ತಾರಲ್ಲ, ಅದೇ ನಮ್ಮ ಅವರೆಕಾಳು!

ಪ್ರೋಟೀನನ್ನು ಹರಳು ಮಾಡುವುದು ಸಕ್ಕರೆಯಿಂದ ಕಲ್ಲುಸಕ್ಕರೆ ಮಾಡಿದಷ್ಟು ಸುಲಭವಲ್ಲ. ಕಾಳಿನ ಹಿಟ್ಟಿನಲ್ಲಿ ನೂರಾರು ಬಗೆಯ ಪ್ರೋಟೀನು, ಪಿಷ್ಟ, ಲವಣಗಳು ಬೆರೆತಿರುತ್ತವೆ. ಅದನ್ನು ಕರಗಿಸಿ, ಬೇಡದ್ದನ್ನು ತಳಕ್ಕಿಳಿಸಿ, ಸೋಸಿ, ಮತ್ತೆ ಕರಗಿಸಿ, ಪ್ರತಿ ಹಂತದಲ್ಲೂ ಟ್ರಿಪ್ಸಿನ್‌ನ ಎದುರಿಟ್ಟು ‘ತಡೆಯುವ ಗುಣ ಯಾವ ಪಾಲಿನಲ್ಲಿ ಉಳಿದಿದೆ?’ ಎಂದು ಅಳೆಯುತ್ತಾ ಹೋಗಬೇಕು. ಹರಳು ಮೂಡಿತೆಂದರೆ ವಸ್ತು ಬಹುಮಟ್ಟಿಗೆ ಶುದ್ಧವಾಯಿತೆಂದು ಅರ್ಥ. ಅಲ್ಲಿಂದ ಮುಂದೆ ಅದರ ತೂಕ, ಗುಣ, ರಚನೆ ಎಲ್ಲವನ್ನೂ ಕೇಳಬಹುದು.

ಅಜ್ಜಿಯರ ಅಡುಗೆಗೆ ವಿಜ್ಞಾನದ ಮುದ್ರೆ

ಹಾಗಾದರೆ ಅವರೆಕಾಳು ತಿನ್ನಬಾರದೇ ಎಂದು ಗಾಬರಿಯಾಗಬೇಡಿ. ನಮ್ಮ ಅಜ್ಜಿಯಂದಿರು ಇದಕ್ಕೆ ದಾರಿ ಎಂದೋ ಕಂಡುಕೊಂಡಿದ್ದಾರೆ. ಒಣಗಿದ ಅವರೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಹಿತುಕಿ ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ ಹಿತಕಬೇಳೆ ಸಾರು ಮಾಡುತ್ತೇವೆ. ಇಲ್ಲಿನ ಮರಾಠಿ ಮನೆಗಳಲ್ಲಿ ಇದೇ ಕಾಳಿಗೆ ‘ವಾಲ್’ ಎನ್ನುತ್ತಾರೆ. ಅವರು ನೆನೆಸಿ, ಮೊಳಕೆ ಬರಿಸಿ, ಸಿಪ್ಪೆ ತೆಗೆದು ‘ಬಿರಡೆ’ ಮಾಡುತ್ತಾರೆ. ಕರ್ನಾಟಕದ ಅಜ್ಜಿಯೂ ಕೊಂಕಣದ ಆಜಿಯೂ ಒಬ್ಬರನ್ನೊಬ್ಬರು ಕೇಳದೆ ಹೆಚ್ಚುಕಡಿಮೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ!

ಚೆನ್ನಾಗಿ ಬೇಯಿಸಿದಾಗ ಪ್ರತಿಬಂಧಕದ ಆಕಾರ ಕೆಡುತ್ತದೆ. ಆಕಾರ ಕೆಟ್ಟ ಗಂಟಿಗೆ ಕತ್ತರಿಯನ್ನು ಹಿಡಿದಿಡುವ ಶಕ್ತಿ ಉಳಿಯುವುದಿಲ್ಲ. ಆದರೆ ಎಲ್ಲ ಪ್ರತಿಬಂಧಕಗಳೂ ಒಂದೇ ಬಿಸಿಗೆ ಸೋಲುವುದಿಲ್ಲ. ‘ಬೌಮನ್–ಬರ್ಕ್’ ಎಂಬ ಗುಂಪಿನವು ಪುಟ್ಟ ಪ್ರೋಟೀನುಗಳು. ಸೋಯಾದ್ದರಲ್ಲಿ 71 ಅಮೈನೋ ಆಮ್ಲಗಳು ಮಾತ್ರ, ಆದರೆ ಅಷ್ಟರಲ್ಲೇ ಗಂಧಕದ ಏಳು ಬಿಗಿ ಹೊಲಿಗೆಗಳಿವೆ. ಅದಕ್ಕೇ ಅವು ಶಾಖವನ್ನು ಹೆಚ್ಚು ಹೊತ್ತು ತಡೆದುಕೊಳ್ಳುತ್ತವೆ. ಕಾಳನ್ನು ಅರೆಬೆಂದಂತೆ ಇಳಿಸಬಾರದು, ನೆನೆಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಬೇಕು ಎಂಬ ಅಮ್ಮನ ಮಾತಿನ ಹಿಂದೆ ಇಷ್ಟೆಲ್ಲ ರಸಾಯನಶಾಸ್ತ್ರವಿದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಮುಂದೆ ನಮ್ಮ ಹುರುಳಿಕಾಳಿನ ಇಂಥ ಪ್ರತಿಬಂಧಕದ ರಚನೆಯನ್ನೂ ವಿವರವಾಗಿ ಅಭ್ಯಾಸ ಮಾಡಿದ್ದಾರೆ.

ಗಂಟು ಔಷಧಿಯಾದಾಗ

ಕಿಣ್ವವನ್ನು ತಡೆಯುವುದು ಯಾವಾಗಲೂ ಕೆಟ್ಟದ್ದಲ್ಲ. ರೋಗ ತರುವ ಕೆಲಸವನ್ನು ಒಂದು ಕಿಣ್ವ ಮಾಡುತ್ತಿದ್ದರೆ ಅದರ ಬಾಯಿಗೆ ಗಂಟು ಹಾಕಿದರಾಯಿತು! 1981ರಲ್ಲಿ ಅಮೆರಿಕದಲ್ಲಿ ಮಂಜೂರಾದ ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆ ಇಂಥದ್ದೇ ಪ್ರತಿಬಂಧಕ. ಬ್ರೆಜಿಲ್ ದೇಶದ ಒಂದು ಹಾವಿನ ವಿಷದ ಅಧ್ಯಯನದಿಂದ ಅದರ ಸುಳಿವು ಸಿಕ್ಕಿತು. 1995ರಲ್ಲಿ ಬಂದ ಸಕ್ವಿನಾವಿರ್ ಎಚ್.ಐ.ವಿ. ವೈರಸ್ಸಿನ ಕತ್ತರಿಯನ್ನು ಕಟ್ಟಿಹಾಕುತ್ತದೆ. 2021ರಲ್ಲಿ ಕೊರೊನಾಕ್ಕೆ ಬಂದ ನಿರ್ಮಾಟ್ರೆಲ್ವಿರ್ ಕೂಡ ಇದೇ ಜಾತಿಯದು. ನಿಮ್ಮ ಅಜ್ಜ ಅಜ್ಜಿ ಕೊಲೆಸ್ಟರಾಲಿಗೆ ರಾತ್ರಿ ನುಂಗುವ ಸ್ಟಾಟಿನ್ ಮಾತ್ರೆಯೂ ಒಂದು ಕಿಣ್ವವನ್ನು ತಡೆಯುವಂಥದ್ದೇ.

ಇಂಥ ಔಷಧಿಗಳನ್ನು ರೂಪಿಸಲು ಪ್ರೋಟೀನಿನ ಆಕಾರ ಗೊತ್ತಿರಬೇಕು. ಅದರಲ್ಲೂ ನಮ್ಮವರ ಪಾಲಿದೆ. ಪ್ರೋಟೀನಿನ ದಂಡೆ ಯಾವ ಯಾವ ಕೋನಗಳಲ್ಲಿ ಮಡಿಚಬಹುದು ಎಂಬುದನ್ನು 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಒಂದು ನಕ್ಷೆಯಲ್ಲಿ ತೋರಿಸಿಕೊಟ್ಟರು. ಜಗತ್ತಿನೆಲ್ಲೆಡೆ ಅದಕ್ಕೆ ‘ರಾಮಚಂದ್ರನ್ ನಕ್ಷೆ’ ಎಂದೇ ಹೆಸರು. ಮುಂದೆ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನಿನಂಥ ಅಣುಗಳ ರಚನೆಯ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವನ್ನೇ ಕಟ್ಟಿದರು. ಇಂದು ಕಂಪ್ಯೂಟರಿನಿಂದ ಪ್ರೋಟೀನಿನ ಆಕಾರವನ್ನು ಊಹಿಸಬಹುದು. 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಸಂದದ್ದು ಆ ಕೆಲಸಕ್ಕೇ. ಐ.ಟಿ. ಓದುತ್ತಿರುವ ಮಕ್ಕಳೇ, ಇಲ್ಲಿ ನಿಮಗೂ ಜಾಗವಿದೆ!

ನೀರಾ, ಹಾಲು, ಗ್ರಾಹಕರು

ಕಮಲಾಬಾಯಿ ಕಾಳಿಗೇ ನಿಲ್ಲಲಿಲ್ಲ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯಂತೆ ನೀರಾದ ಅಧ್ಯಯನ ಕೈಗೊಂಡರು. ತಾಳೆಯ ಜಾತಿಯ ಮರಗಳಿಂದ ಇಳಿಸಿದ, ಹುಳಿಯದ ಸಿಹಿ ರಸವೇ ನೀರಾ. ಅದರಲ್ಲಿ ಜೀವಸತ್ವಗಳು ಮತ್ತು ಕಬ್ಬಿಣದಂಶ ಇರುವುದನ್ನು ಅವರು ಕಂಡರು. ಪೋಷಣೆಯ ಕೊರತೆಯಿದ್ದ ಆದಿವಾಸಿ ಮಕ್ಕಳಿಗೂ ಗರ್ಭಿಣಿಯರಿಗೂ ಅಗ್ಗದಲ್ಲಿ ಸಿಗುವ ಆಹಾರವಾಗಿ ಅದು ಉಪಯುಕ್ತವೆಂದು ತೋರಿಸಿದರು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ದೊರೆಯಿತು.

ಗೋರೆಗಾಂವ್‌ನ ಆರೆ ಹಾಲಿನ ಯೋಜನೆಗೂ ಅವರು ಸಲಹೆಗಾರರಾಗಿದ್ದು, ಹಾಲು ಒಡೆಯದಂತೆ ಕಾಪಾಡುವ ಕ್ರಮವನ್ನು ರೂಪಿಸಿಕೊಟ್ಟರು. ಇಷ್ಟೆಲ್ಲ ಮಾಡಿದರೂ ಅವರಿಗೆ ಸಲ್ಲಬೇಕಾಗಿದ್ದ ಸಂಸ್ಥೆಯ ನಿರ್ದೇಶಕ ಪದವಿ ಒಳಗಿನ ರಾಜಕಾರಣದಿಂದ ನಾಲ್ಕು ವರ್ಷ ತಡವಾಯಿತೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಬೆಂಗಳೂರಿನಲ್ಲಿ ದಾಟಿದ ಬಾಗಿಲು ಕೊನೆಯದಾಗಿರಲಿಲ್ಲ. ಆದರೂ ಪದವಿ ಬಂತು, ಅವರು ಅದನ್ನು ನಿಭಾಯಿಸಿದರು.

1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಸೇರಿ ‘ಕನ್‌ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ’ ಎಂಬ ಗ್ರಾಹಕರ ಸಂಸ್ಥೆ ಕಟ್ಟಿದರು. ಕಮಲಾಬಾಯಿ ಅದರ ಹುಟ್ಟಿನಿಂದಲೂ ಇದ್ದವರು, ಮುಂದೆ ಅಧ್ಯಕ್ಷೆಯಾದರು, ಅದರ ‘ಕೀಮತ್’ ಪತ್ರಿಕೆಗೆ ಲೇಖನಗಳನ್ನು ಬರೆದರು. ಅಂಗಡಿಯವನು ಕೊಟ್ಟದ್ದನ್ನು ಕಣ್ಣು ಮುಚ್ಚಿ ಚೀಲಕ್ಕೆ ಹಾಕಿಕೊಳ್ಳದೆ ಪ್ರಶ್ನಿಸಿ ಎಂದು ಗೃಹಿಣಿಯರಿಗೆ ಕಲಿಸಿದ ಕೆಲಸವದು. 1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಏರ್ಪಡಿಸಿದ್ದ ಸನ್ಮಾನದ ಹೊತ್ತಿಗೆ ಕುಸಿದುಬಿದ್ದು, ಬಳಿಕ ನಿಧನರಾದರು.

ನಿಮಗೊಂದು ಮಾತು

ಜಿ.ಟಿ.ಬಿ. ನಗರದಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿ ಸಿ.ಎಸ್.ಎಂ.ಟಿ.ಯಲ್ಲಿಳಿದು ಕಾಲಾಘೋಡಾ ಕಡೆಗೆ ನಡೆದರೆ ಕಮಲಾಬಾಯಿ ದುಡಿದ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಕಲ್ಲಿನ ಕಟ್ಟಡ ಸಿಗುತ್ತದೆ. ಗೇಟ್‌ವೇ ಆಫ್ ಇಂಡಿಯಾ ಕಟ್ಟಿಸಿದ ಜಾರ್ಜ್ ವಿಟೆಟ್ ಅವರೇ ಇದರ ಶಿಲ್ಪಿ. ಈಗ ಅದು ಡಾ. ಹೋಮಿ ಭಾಭಾ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಚಿತ್ರ ಪ್ರದರ್ಶನಕ್ಕೋ ಗೆಳೆಯರೊಂದಿಗೆ ತಿರುಗಾಟಕ್ಕೋ ನೀವು ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೀರಿ. ಮುಂದಿನ ಸಲ ಒಂದು ನಿಮಿಷ ನಿಂತು ನೋಡಿ. ನಮ್ಮ ಅವರೆಕಾಳು ‘ನೇಚರ್’ ಪತ್ರಿಕೆ ಸೇರಿದ್ದು ಇಲ್ಲಿಂದ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಈಗ ಓದಿಸುತ್ತೇವೆ, ಸಂತೋಷ. ಆದರೆ ಮಗಳು ಬಿ.ಎಸ್ಸಿ. ಮುಗಿಸಿ ‘ಸಂಶೋಧನೆ ಮಾಡುತ್ತೇನೆ’ ಎಂದರೆ, ‘ಅದು ಮುಗಿಯುವುದು ಯಾವಾಗ, ಮದುವೆ ಮಾಡುವುದು ಯಾವಾಗ?’ ಎಂಬ ಮಾತು ಇಂದಿಗೂ ಬರುತ್ತದೆ. ಇಂಥ ಮಾತು ಬಂದಾಗ ಹುಡುಗಿಯರೇ, ಕೂಗಾಡಬೇಡಿ, ತಲೆ ತಗ್ಗಿಸಿ ಒಳಗೂ ಹೋಗಬೇಡಿ. ಕಮಲಾಬಾಯಿಯಂತೆ ಕಾರಣ ಕೇಳಿ. ಸಾಧ್ಯವಾದರೆ ಏನು ಓದಬೇಕೆಂದಿದ್ದೀರಿ, ಏಕೆ ಓದಬೇಕೆಂದಿದ್ದೀರಿ ಎಂಬುದನ್ನು ಅಮ್ಮನಿಗೆ ಕನ್ನಡದಲ್ಲಿ ವಿವರಿಸಿ ಹೇಳಿ. ಅಡುಗೆಮನೆಯ ಉದಾಹರಣೆ ಕೊಟ್ಟು ಹೇಳಿದರೆ ನಮ್ಮಂಥವರಿಗೂ ಅರ್ಥವಾಗುತ್ತದೆ, ನಂಬಿ. ಹುಡುಗರೇ, ನಿಮ್ಮ ತಂಗಿ ಹಾಗೆ ಕೇಳುತ್ತಿರುವಾಗ ನೀವು ಟಿ.ವಿ. ನೋಡುತ್ತಾ ಕೂರಬೇಡಿ, ಅವಳ ಪಕ್ಕದಲ್ಲಿ ಬಂದು ನಿಲ್ಲಿ.

ಇನ್ನು ನನ್ನ ಓರಗೆಯ ತಾಯಂದಿರಿಗೆ, ಅಪ್ಪಂದಿರಿಗೆ ಒಂದು ಬಿನ್ನಹ. ಅವಳನ್ನು ಒಂದು ವರ್ಷದ ಪರೀಕ್ಷೆಗೆ ಇಡಬೇಡಿ. ಆ ಪರೀಕ್ಷೆಯನ್ನು ಕಮಲಾಬಾಯಿ ಎಲ್ಲ ಹೆಣ್ಣುಮಕ್ಕಳ ಪರವಾಗಿ 1934ರಲ್ಲೇ ಬರೆದು ಪಾಸಾಗಿದ್ದಾರೆ.